ಬೀದಿಯ ಕಡೆಯ ಕಿಟಕಿ

ಫೌಂಡ್ರಿ ಬೀದಿ, ಕ್ಲೆಗ್‌ಶಾ
ಲ್ಯಾಂಕಾಶೈರ್
ಏಪ್ರಿಲ್ ೧೪

ನನ್ನ ಹಟಮಾರಿ ಲಿಂಡ್ಸೆಗೆ,

ಎರಡು ಬೀದಿ ಆಚೆ ಇರುವವಳಿಗೆ ಅಂಚೆಯಲ್ಲಿ ಪತ್ರವೇ ಎಂದು ನಗಬೇಡ. ಎದುರು ಕೂತರೆ ನಾವಿಬ್ಬರೂ ಜಗಳವಾಡುತ್ತೇವೆ, ಚಹಾ ಆರಿಹೋಗುತ್ತದೆ. ಭಾನುವಾರ ಬಂದು, "ಅಮ್ಮ, ನೀನು ಪಕ್ಷದ ಕಡೆನೋ ನನ್ನ ಕಡೆನೋ, ಒಂದು ಹೇಳಿಬಿಡು" ಅಂದೆ. ನಾನು ತಲೆ ತಗ್ಗಿಸಿ ಆಲೂಗಡ್ಡೆ ಸುಲಿಯುತ್ತಾ ಇದ್ದುಬಿಟ್ಟೆ. ಉತ್ತರ ಬಾಕಿ ಉಳಿಯಿತು.

ಹೋದ ತಿಂಗಳು ನಿಮ್ಮ ಕೌನ್ಸಿಲ್ ಸಭೆಗೆ ನಾನೂ ಬಂದಿದ್ದೆ, ಊರಿನವರು ಕೂರುವ ಹಿಂದಿನ ಸಾಲಿನಲ್ಲಿ. ಆಶ್ರಯ ಕೇಳಿ ಬಂದ ಪರದೇಶದವರನ್ನು ಹಳೇ ರೈಲ್ವೆ ಹೋಟೆಲಿನಲ್ಲಿ ಇಟ್ಟಿದ್ದಾರಲ್ಲ, ಅದರ ಬಗ್ಗೆ ಊರಿನವರು ಸಭೆಯಲ್ಲಿ ಬಾಯಿ ತೆಗೆಯಬಾರದು ಎಂಬ ನಿರ್ಣಯವನ್ನು ತಂದದ್ದು ನಮ್ಮ ಪಕ್ಷವೇ. ನಮ್ಮವರೆಲ್ಲ ಕುರಿಗಳ ಹಾಗೆ ಕೈ ಎತ್ತಿದರು. ನೀನು ಎತ್ತಲಿಲ್ಲ, ನಿನ್ನ ಒಂದೇ ಮತಕ್ಕೆ ನಿರ್ಣಯ ಬಿತ್ತು. ಪ್ರತಿ ಗುರುವಾರ ಆ ಹೋಟೆಲಿಗೆ ಹೋಗಿ ಅವರಿಗೆ ಇಂಗ್ಲಿಷ್ ಕಲಿಸುವವಳು ನೀನು, ಆದರೂ ಬೈಯುವವರ ಬಾಯಿ ಮುಚ್ಚಿಸಲು ಒಪ್ಪಲಿಲ್ಲ.

ನಮ್ಮ ಪಕ್ಕದ ಮನೆಯ ಡೆರೆಕ್ ಹೊರಾಕ್ಸ್ ಎದ್ದು ಆ ಪರದೇಶದವರ ಬಗ್ಗೆ ಕೇಳಬಾರದ್ದನ್ನೆಲ್ಲ ಆಡಿದ. ನೀನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ, "ಡೆರೆಕ್, ನಿಮ್ಮಜ್ಜಿ ಐರ್ಲೆಂಡಿಂದ ಬಂದಾಗ ನಮ್ಮ ಬೀದಿ ಇದೇ ಮಾತು ಆಡಿತ್ತು. ಆ ಬೀದಿಯ ಬಾಯಿ ಯಾರೂ ಮುಚ್ಚಿಸಲಿಲ್ಲ. ನಮ್ಮ ಮುತ್ತಜ್ಜಿ ಮನೆ ಬಾಗಿಲು ತೆಗೆದಳು, ಅಷ್ಟೇ" ಅಂದೆ. ನನಗೆ ಎದೆ ಉಬ್ಬಿತು, ಮಗಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವವರು ಅನ್ನಲಿ.

ಮಾರನೇ ದಿನವೇ ನಿನ್ನನ್ನು ಪಕ್ಷದಿಂದ ಅಮಾನತು ಮಾಡಿದರು. ನೀನು ಸ್ವತಂತ್ರವಾಗಿ ಚುನಾವಣೆಗೆ ನಿಲ್ಲುತ್ತೀ ಎಂದು ತಿಳಿದೊಡನೆ ಕೌನ್ಸಿಲಿನಲ್ಲಿ ನಮ್ಮ ಪಕ್ಷದ ನಾಯಕನಾದ ಕ್ಲೈವ್ ಎಂಟ್ವಿಸಲ್ ಮನೆಗೆ ಬಂದ. ಮೊದಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಕೊನೆಗೆ, "ಡೋರೀನಕ್ಕ, ನೀವು ನಮ್ಮೋರೇ ಅಲ್ವಾ? ಬೇರೆಯವರ ಪರ ನಿಂತ್ರೆ ಸದಸ್ಯತ್ವ ಹೋಗತ್ತೆ, ನಿಯಮ ಗೊತ್ತಲ್ಲ" ಅಂದ. ಆ ನಿಯಮ ಅವನಿಗೆ ಕಲಿಸಿದವಳೇ ನಾನು. ಪಕ್ಷದ ಭಿತ್ತಿಪತ್ರ ಕೊಟ್ಟು, ಎಂದಿನಂತೆ ಕಿಟಕಿಗೆ ಹಾಕಿ ಎಂದ. ಹಾಕುತ್ತೇನೆ ಎಂದೆ.

ಡೆರೆಕ್ ಗೋಡೆಯಾಚೆಯಿಂದ ಹೇಳಿದ್ದು ಬೇರೆ. "ನಿನ್ನ ಮಗಳು ಹೇಳಿದ್ದು ಒಂದಕ್ಷರಾನೂ ನಾನು ಒಪ್ಪಲ್ಲ, ಡೋರೀನ್. ಆದ್ರೆ ಅವಳು ನನ್ನ ಮುಖ ನೋಡಿ ಹೇಳಿದ್ಳು. ನಿಮ್ಮ ಉಳಿದೋರು ನೆಲ ನೋಡ್ತಾ ಇದ್ರು." ನಿನಗೆ ಮತ ಹಾಕುತ್ತೀಯಾ ಎಂದು ಕೇಳಿದೆ. ಆಸೆ ನೋಡು ಎಂದು ಒಳಗೆ ಹೋದ.

ಪಕ್ಷ ಬಿಡು ಎಂದು ಮಾತ್ರ ನನಗೆ ಹೇಳಬೇಡ. ಗಿರಣಿ ಮುಚ್ಚಿದಾಗ ನಮ್ಮ ಕೈ ಹಿಡಿದದ್ದು ಅದೇ. ನಿಮ್ಮಪ್ಪನನ್ನು ಮಣ್ಣು ಮಾಡಿದ್ದು ಅವರ ಕೋಟಿನ ಮೇಲೆ ಪಕ್ಷದ ಕೆಂಪು ರಿಬ್ಬನ್ನಿನ ಹೂ ಚುಚ್ಚಿ. ನಾನಾಗಿ ಬಿಡುವವಳಲ್ಲ.

ಸರಿಯಾಗಿ ಊಟ ಮಾಡು. ಮತ ಕೇಳಲು ಮನೆಮನೆಗೆ ಹೋಗುವಾಗ ನಾಯಿ ಇದ್ದ ಕಡೆ ಗೇಟು ಹಾಕಿ ಬಾ.

ನಿನ್ನ ಅಮ್ಮ,
ಡೋರೀನ್

ಮರೆತಿದ್ದೆ: ಕ್ಲೈವ್ ಕೊಟ್ಟ ಭಿತ್ತಿಪತ್ರ ಹಾಕಿದ್ದೇನೆ, ಕೊಟ್ಟ ಮಾತಿಗೆ ತಪ್ಪಬಾರದಲ್ಲ. ಹಿತ್ತಿಲ ಕಡೆ, ಅಡುಗೆಮನೆ ಕಿಟಕಿಗೆ. ನಿಮ್ಮಪ್ಪನ ಪಾರಿವಾಳದ ಗೂಡಿಗೆ ಚೆನ್ನಾಗಿ ಕಾಣುತ್ತದೆ. ಬೀದಿಯ ಕಡೆಯ ಕಿಟಕಿಯಲ್ಲಿ ನಿನ್ನ ಹೆಸರಿದೆ. ಇವತ್ತು ಸಂಜೆ ಕ್ಲೈವ್ ಬಂದು ಸಾಕ್ಷಿಗೆಂದು ಅದರ ಫೋಟೊ ತೆಗೆದುಕೊಂಡು ಹೋದ. ಮಬ್ಬು ಕವಿದಿತ್ತು, ಅವನಿಗೆ ಕಾಣಲೆಂದು ನಾನೇ ಒಳಗಿನಿಂದ ದೀಪ ಹಾಕಿದೆ.