ನಿನ್ನ ಹೆಸರಿನ ಸೌದೆ

ಆಲ್ಡರ್ ಕ್ರೀಕ್, ಮೊಂಟಾನಾ
ನವೆಂಬರ್ 4

ನನ್ನ ಲೆನೋರಾ,

ನೀನು ಕ್ಷೇಮವೇ ಎಂದು ಕೇಳುವುದಿಲ್ಲ. ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ನಿನ್ನ ಅಕ್ಕ ಆಗಲೇ ಚಾಡಿ ಹೇಳಿಯಾಗಿದೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಕಾಗದವನ್ನಾದರೆ ನಡುವೆ ಕಟ್ ಮಾಡುವ ಹಾಗಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ.

ಬೈಯುವುದಕ್ಕಲ್ಲ ಕಣೇ. ಹೊರಡುವ ದಿನ ನನ್ನ ಕೈ ಹಿಡಿದುಕೊಂಡು "ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡ್ಲಿ? ನಮ್ಮಿಬ್ಬರ ಮಧ್ಯೆ ಎಲ್ಲಾ ಸತ್ತುಹೋಗಿದೆ" ಅಂದೆಯಲ್ಲ, ಆ ಗೋಡೆಯನ್ನು ನಾನೂ ಕಂಡಿದ್ದೇನೆ. ನಿನ್ನ ಮಾವ ಆರ್ವಿಡ್ ತೀರಿಕೊಂಡಾಗ ನಾನು ಊರಿಗೆಲ್ಲ ಕೇಳುವಂತೆ ಗೋಳಾಡಿದೆ, ಸಿಕ್ಕವರಿಗೆಲ್ಲ ಅವನ ಕಥೆ ಹೇಳಿ ತಲೆ ತಿಂದೆ, ಹಗುರಾದೆ. ನಿನ್ನ ಗಂಡ ಅನ್ನಿಸಿಕೊಂಡ ನನ್ನ ಮಗ ನೀಲ್ಸ್ ಮಾತ್ರ ಬಾಯಿಗೆ ಬೀಗ ಹಾಕಿಕೊಂಡ. ಅಪ್ಪನ ಜೊತೆ ಮಾತನ್ನೂ ಹೂತು ಬಂದ ಹಾಗೆ ಇದ್ದ. ಅದನ್ನು ನೀನು ಬೇಸಿಗೆಯುದ್ದಕ್ಕೂ ಸಹಿಸಿದೆ. ನಾನಾಗಿದ್ದರೆ ಜೂನ್‌ನಲ್ಲೇ ಅವನ ತಲೆಗೆ ಬಾಣಲೆ ಎಸೆದಿರುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಕಾಡಿಗೆ ಸೌದೆಗೆ ಹೋಗಿದ್ದೆವು. ಊರವರೆಲ್ಲ ಆಗಸ್ಟ್‌ನಲ್ಲೇ ಸೌದೆ ಒಟ್ಟಿ ಮುಗಿಸಿದ್ದರು, ನಮ್ಮ ಸೌದೆ ಕೊಟ್ಟಿಗೆಯಲ್ಲಿ ಇಲಿ ಓಡಾಡುತ್ತಿತ್ತು. ಹೇಳಿ ಹೇಳಿ ನನ್ನ ಬಾಯಿ ಬತ್ತಿದ ಮೇಲೆ ನೀಲ್ಸ್ ಗರಗಸದ ಯಂತ್ರವನ್ನು ಪಿಕಪ್ಪಿಗೆ ಹಾಕಿದ. ಅರಣ್ಯ ಕಚೇರಿ ಕೊಡುವ ಸೌದೆ ಪರ್ಮಿಟ್ ನನ್ನ ಹೆಸರಿನಲ್ಲಿದ್ದದ್ದರಿಂದ ನಾನೂ ಹತ್ತಿ ಕೂತೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅವನು ಒಂದು ಸಲ "ಹೂಂ" ಅಂದ, ಅದೂ ಗಾಡಿ ಗುಂಡಿಗೆ ಬಿದ್ದಾಗ.

ನೀನು ಮದುವೆಯಾಗಿ ಬಂದ ಮೊದಲ ವರ್ಷ ನೆನಪಿದೆಯಾ? ನಿನ್ನ ತವರಿನ ಗೋಧಿ ಬಯಲಿನಲ್ಲಿ ಮರವೆಲ್ಲಿದೆ ಪಾಪ! ನಮ್ಮ ಗುಡ್ಡದ ಟ್ಯಾಮರಾಕ್ ಮರಗಳೆಲ್ಲ ಹಳದಿಯಾಗಿ ಎಲೆ ಉದುರಿಸಿದ್ದನ್ನು ಕಂಡು, "ಅಯ್ಯೋ, ಕಾಡೆಲ್ಲಾ ಸತ್ತುಹೋಯ್ತು" ಎಂದು ಅತ್ತೇ ಬಿಟ್ಟಿದ್ದೆ. ನೀಲ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಸತ್ತಿಲ್ಲ ಕಣೇ ಪೆದ್ದಿ, ಚಳಿಗೆ ಎಲೆ ಬಿಚ್ಚಿಟ್ಟು ಮಲಗಿವೆ. ವಸಂತ ಬರ್ಲಿ ತಾಳು" ಅಂದಿದ್ದ. ಆಮೇಲೆ ನಿನ್ನನ್ನು ಕಾಡಿಗೆ ಕರೆದುಕೊಂಡು ಹೋಗಿ, ತೊಗಟೆಯನ್ನು ಉಗುರಿನಿಂದ ಕೆರೆದು ಒಳಗಿನ ಹಸಿರು ತೋರಿಸಿದ್ದ. ನಮ್ಮಲ್ಲಿ ಮಕ್ಕಳಿಗೆ ಓದು ಕಲಿಸುವ ಮೊದಲೇ ಕಲಿಸುವ ಪಾಠ ಅದು. ಪರ್ಮಿಟ್ ಇರುವುದು ಒಣಗಿ ಸತ್ತ ಮರಕ್ಕೆ ಮಾತ್ರ.

ಅಂಥವನು, ಇದೇ ಕಾಡಿನಲ್ಲಿ ಹುಟ್ಟಿ ಬೆಳೆದವನು, ಜೀವಂತ ಟ್ಯಾಮರಾಕನ್ನು ಕಡಿದು ಉರುಳಿಸಿದ!

ನಾನು ಗಾಡಿಯಲ್ಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ಮರ ಬಿದ್ದ ಸದ್ದೇ ಬೇರೆಯಾಗಿತ್ತು, ತುಂಬಿದ ಮೂಟೆ ಬಿದ್ದ ಹಾಗೆ. ಇಳಿದು ನೋಡಿದರೆ ಬುಡ ಹಸಿಹಸಿ, ಸುತ್ತ ಅಂಟಿನ ವಾಸನೆ. ಆರ್ವಿಡ್ ಆದರೆ ಕೊಡಲಿಯ ಹಿಂಬದಿಯಿಂದ ತಟ್ಟಿ, ಕಿವಿಗೊಟ್ಟು ಕೇಳದೆ ಯಾವ ಮರವನ್ನೂ ಮುಟ್ಟಿದವನಲ್ಲ. ಇವನು ತಟ್ಟಿಯೂ ಇರಲಿಲ್ಲ, ಕೆರೆದೂ ಇರಲಿಲ್ಲ. ಎಲೆಯಿಲ್ಲ, ಅಂದರೆ ಸತ್ತಿದೆ ಎಂದುಕೊಂಡಿದ್ದ.

ಆ ಮರದ ಮೇಲೆ ಕೂತು ನನ್ನ ಮಗ ಅತ್ತ ಲೆನೋರಾ. ಅಪ್ಪನ ಮಣ್ಣಿನ ದಿನವೂ ಅಳದವನು ಮಗುವಿನ ಹಾಗೆ ಅತ್ತ. "ಬದುಕಿರೋದನ್ನ ಕಡಿದ್ಬಿಟ್ಟೆ ಅಮ್ಮಾ" ಅಂದ. ಆಮೇಲೆ "ಬಾಯಿ ತೆಗೆದ್ರೆ ಎಲ್ಲಿ ಅತ್ತುಬಿಡ್ತೀನೋ ಅಂತ ಭಯ ಆಗ್ತಿತ್ತು. ಅವಳು ಮಾತಾಡು ಮಾತಾಡು ಅಂತ ಎಷ್ಟು ಬೇಡ್ಕೊಂಡ್ಲು, ನಾನು ಸುಮ್ನೆ ಕೂತಿದ್ದೆ" ಅಂದ. ಕಾಫಿ ತಣ್ಣಗಾಗಿ ಹೋಯಿತು, ಅವನ ಮಾತು ಮುಗಿಯಲಿಲ್ಲ. ಅಪ್ಪನ ಬಗ್ಗೆ ಹೇಳಿದ, ನಿನ್ನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಿದ. ಅದನ್ನೆಲ್ಲ ನಾನು ಬರೆಯಬಾರದು, ಅವನ ಬಾಯಿಂದಲೇ ನೀನು ಕೇಳಬೇಕು.

"ಯಾರು ನೋಡಿದ್ದಾರೆ, ಹೀಗೇ ಬಿಟ್ಟು ಮನೆಗೆ ಹೋಗೋಣ ನಡಿ" ಎಂದೆ ನಾನು. ನನ್ನ ಬುದ್ಧಿ ನಿನಗೆ ಗೊತ್ತೇ ಇದೆ. ಅವನು ಕೇಳಲಿಲ್ಲ. ನೆಟ್ಟಗೆ ಅರಣ್ಯ ಕಚೇರಿಗೆ ಗಾಡಿ ಬಿಟ್ಟು ತಪ್ಪೊಪ್ಪಿಕೊಂಡ. ಅಲ್ಲಿರುವವಳು ಅವನ ಜೊತೆ ಶಾಲೆಗೆ ಹೋದ ಡೋರೀನ್. "ನೀನಾ? ಟ್ಯಾಮರಾಕ್ ಕಡಿದ್ಯಾ? ಟೂರಿಸ್ಟ್ ಆಗ್ಬಿಟ್ಯೇನೋ!" ಎಂದು ನಕ್ಕವಳು, ಅವನ ಮುಖ ನೋಡಿ ಕುರ್ಚಿ ಎಳೆದು ಕೂರಿಸಿದಳು. ಆದರೂ ಕಾನೂನು ಕಾನೂನೇ. ದಂಡ ಹಾಕಿ, ನನ್ನ ಪರ್ಮಿಟನ್ನು ರದ್ದು ಮಾಡಿದಳು. ಕಾಫಿ ಅಂಗಡಿಯಲ್ಲಿ ಈಗ ಅವನು ಒಳಗೆ ಕಾಲಿಟ್ಟರೆ ಸಾಕು, ಮುದುಕ ಹ್ಯಾಲ್ವರ್ ತನ್ನ ಕುರ್ಚಿಯ ಕಾಲನ್ನು ತಟ್ಟಿ, "ಇದು ಸತ್ತಿದೆ ಕಣಪ್ಪಾ, ಬೇಕಾದ್ರೆ ತಗೊಂಡ್ಹೋಗು" ಅನ್ನುತ್ತಾನೆ. ನೀಲ್ಸ್ ನಗುತ್ತಾನೆ. ನಿಜವಾಗಿಯೂ ನಗುತ್ತಾನೆ.

ನಿನಗೆ ಫೋನ್ ಮಾಡು ಎಂದರೆ, "ಯಾವ ಮುಖ ಇಟ್ಕೊಂಡು ಮಾಡ್ಲಿ?" ಅನ್ನುತ್ತಾನೆ. ಇರುವ ಮುಖವನ್ನೇ ಇಟ್ಟುಕೊಂಡು ಮಾಡೋ ಎಂದೆ. ಧೈರ್ಯ ಸಾಲದು ಅವನಿಗೆ. ಅದಕ್ಕೇ ನಾನು ನಡುವೆ ಬಾಯಿ ಹಾಕುತ್ತಿದ್ದೇನೆ.

ಬೇಸಿಗೆಯಲ್ಲಿ ನಾವಿಬ್ಬರೂ ಕಚೇರಿಗೆ ಹೋಗಿ ಹೆಸರಿಗೊಂದರಂತೆ ಪರ್ಮಿಟ್ ಬರೆಸಿದೆವಲ್ಲ. ಈಗ ಉಳಿದಿರುವುದು ನಿನ್ನದೊಂದೇ. ಈ ತಿಂಗಳ ಕೊನೆಗೆ ಅದರ ಅವಧಿ ಮುಗಿಯುತ್ತದೆ. ಹೆಸರಿನವಳು ಗಾಡಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಒಂದು ಕಡ್ಡಿಯನ್ನೂ ತರುವಂತಿಲ್ಲ. ಹಿಮ ಬಿದ್ದರೆ ಕಾಡಿನ ಗೇಟು ಮುಚ್ಚುತ್ತಾರೆ. ಆಮೇಲೆ ಈ ಮುದುಕಿ ಚಳಿಯಲ್ಲಿ ಸೆಟೆದುಕೊಂಡರೆ ನಿನಗೇ ಪಾಪ. ನೀನು ಅವನನ್ನು ಕ್ಷಮಿಸಬೇಡ, ಮಾತೂ ಆಡಬೇಡ, ಸುಮ್ಮನೆ ಗಾಡಿಯಲ್ಲಿ ಕೂತಿದ್ದರೆ ಸಾಕು. ಮಾತಾಡುವುದು ಈಗ ಅವನ ಸರದಿ.

ನೀನಿಲ್ಲದೆ ಈ ಮನೆ ನನಗೆ ಸೇರುತ್ತಿಲ್ಲ ಮಗಳೇ. ಬಾ.

ನಿನ್ನ ದಾರಿ ನೋಡುತ್ತಿರುವ
ಅತ್ತೆ ಹಿಲ್ಮಾ

ಮರೆತಿದ್ದೆ: ಸುಳ್ಳು ಹೇಳಿ ಕರೆಸಿಕೊಂಡಳು ಎಂದು ನಾಳೆ ನೀನು ಮುಖ ಊದಿಸಿಕೊಳ್ಳಬಾರದು, ಅದಕ್ಕೇ ಹೇಳಿಬಿಡುತ್ತೇನೆ. ನಾನು ಚಳಿಗೆ ಸಾಯುವುದಿಲ್ಲ. ನಿನ್ನೆ ಹ್ಯಾಲ್ವರ್ ಮತ್ತು ಅಕ್ಕಪಕ್ಕದವರೆಲ್ಲ ತಂತಮ್ಮ ಸೌದೆಯಲ್ಲಿ ಒಂದೊಂದು ಪಾಲು ತಂದು, ಗೊಣಗುತ್ತಲೇ ನಮ್ಮ ಕೊಟ್ಟಿಗೆಯನ್ನು ಸೂರಿನವರೆಗೆ ತುಂಬಿದರು. ಅಡುಗೆಮನೆ ಬಾಗಿಲ ಪಕ್ಕ ಒಂದು ಅಂಕಣದಷ್ಟು ಜಾಗ ಮಾತ್ರ ಖಾಲಿಯಿದೆ. ಅಲ್ಲಿ ಒಟ್ಟಲು ನೀಲ್ಸ್ ಯಾರನ್ನೂ ಬಿಡಲಿಲ್ಲ. "ಅದು ಲೆನೋರಾ ಹೆಸರಿನದು" ಅಂದ.