ಬಿ ಪಾಸಿಟಿವ್, ಒಂದೇ ಬ್ಯಾಗ್

ಮಾರ್ಚ್ 3, ಸೋಮವಾರ
ಸ್ವಸ್ತಿ ಶ್ರೀ! ಮುನ್ನೂರು ಬ್ಯಾಗ್ ಪರರಕ್ತ ಹೀರಿ ಮೆರೆದ ಥಲಸ್ಸೇಮಿಯಾ ಪೀಠಾಧಿಪತಿ, ಸಾದಲಿ ಹೋಬಳಿ ಸಂಜಾತ ಚೈತನ್ಯನ ದೇಹದುರ್ಗ ಕಾಯುವ ವೀರ ಸೈನಿಕರೇ, ನಿಮಗೆ ಸಾಷ್ಟಾಂಗ!

ಹದಿನೇಳು ವರ್ಷ ತೆಪ್ಪಗಿದ್ದಿರಿ. ಈಗ ಏಕೀ ಶೌರ್ಯ? ಚಿಕ್ಕಬಳ್ಳಾಪುರದ ವಾರ್ಡಿನಲ್ಲಿ ಇವತ್ತು ಯಾವ ಬ್ಯಾಗೂ ಹೊಂದಲಿಲ್ಲ. ಸಿಸ್ಟರ್ ಕದಿರಮ್ಮ ಹೇಳಿದರು: "ಊರೋರ ರಕ್ತ ಎಲ್ಲ ಏರಿಸ್ಕೊಂಡು ಏರಿಸ್ಕೊಂಡು ನಿನ್ ಮೈ ಅದನ್ನ ಹೊರಗಿಂದು ಅಂತ ಗುರುತು ಹಿಡಿದು ಹೊಡ್ಯೋದು ಕಲ್ತುಬಿಟ್ಟಿದೆ ಕಣಪ್ಪ. ಆ್ಯಂಟಿಬಾಡಿ. ಇನ್ಮೇಲೆ ಬರೀ ಬಿ ಪಾಸಿಟಿವ್ ಅಂದ್ರೆ ಸಾಲ್ದು."

ಪಕ್ಕದ ಬೆಡ್ಡಿನ ಹರಿಣಿಗೂ ಅದೇ. ತೊಂಡೇಬಾವಿಯವಳು, ಹನ್ನೊಂದು ವರ್ಷ. "ಅಣ್ಣಾ, ನಮ್ಮಿಬ್ರುದೂ ಒಂದೇ ಆ್ಯಂಟಿಬಾಡಿ ಅಂತೆ!" — ಬಹುಮಾನ ಬಂದವಳ ಹಾಗೆ.

ಬೇಜಾರು. ಸುಮ್ಮನೆ ತಮಾಷೆಗೆ ಎದೆ ಹಿಡಿದು ಉರುಳಿದೆ. ಅವಳ ಅಜ್ಜಿ ಮುನಿಶಾಮಮ್ಮ "ಅಯ್ಯೋ ದೇವುಡಾ!" ಎಂದು ಕಿರುಚಿದರು. ಹರಿಣಿಗೆ ಕಣ್ಣು ಮಿಟುಕಿಸಿದೆ. ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ಮಾರ್ಚ್ 11, ಮಧ್ಯಾಹ್ನ 3
ಬೆಂಗಳೂರಿನಿಂದ ಹೊಂದುವ ಬ್ಯಾಗ್ ಬಂತು. ಒಂದೇ. ಇನ್ನೊಂದು ನಾಳೆಯಂತೆ. ನನ್ನ ಹಿಮೋಗ್ಲೋಬಿನ್ 5.1, ಅವಳದು 4. ಚಿಕ್ಕವಳಿಗೆ ಮೊದಲು ಎಂದರು ಡಾಕ್ಟರ್. ಅಷ್ಟರಲ್ಲಿ ನನಗೆ ಎದೆನೋವು. ವರ್ಷಗಟ್ಟಲೆ ರಕ್ತದ ಜೊತೆ ಸೇರಿದ ಕಬ್ಬಿಣ ಹೃದಯದಲ್ಲಿ ಕೂತಿದೆ, ರಿಸ್ಕ್ ಬೇಡ ಎಂದರು. ಚಕ್ರವರ್ತಿಗಳಿಗೆ ರಕ್ತಾಭಿಷೇಕ!

ಅಜ್ಜಿ: "ಏರಿಸ್ಕೊಳ್ಳಪ್ಪ, ನೀನೂ ನಮ್ಮುಡುಗನೇ. ನಮ್ ಪಾಪುಗೆ ನಾಳೆ ಬತ್ತದಂತಲ್ಲ."

ಮಾರ್ಚ್ 13
ಬಂದಿಲ್ಲ. ನನ್ನನ್ನೂ ಇನ್ನೂ ಬಿಟ್ಟಿಲ್ಲ, ಎದೆಯ ಟೆಸ್ಟು. ಹರಿಣಿಯ ತುಟಿ ಸುಣ್ಣ. ಇನ್ನು ಕಾಯಲಾಗದೆಂದು ಪೂರ್ತಿ ಹೊಂದದ ಬ್ಯಾಗನ್ನೇ ಏರಿಸಿದರು. ಅರ್ಧ ಗಂಟೆಗೆ ನಡುಕ. ಮೂತ್ರ ಕೆಂಪು. ಅವಳ ಸೈನಿಕರೂ ವೀರರೇ... ಬಂದವರನ್ನೆಲ್ಲ ಕೊಚ್ಚಿಹಾಕಿದರು.

ಮಾರ್ಚ್ 14
ಬೆಳಿಗ್ಗೆ ಹರಿಣಿಯ ಮುಖಕ್ಕೆ ಬಿಳಿ ಬಟ್ಟೆ ಎಳೆದರು. ಹನ್ನೊಂದಕ್ಕೆ ಪಕ್ಕದ ಬೆಡ್ ಖಾಲಿ. ಸಂಜೆ ಎರಡನೇ ಬ್ಯಾಗ್ ಬಂತು. ನನಗೇ ಏರಿಸಿದರು. ವೇಸ್ಟ್ ಆಗಬಾರದಲ್ಲ.

ಮಾರ್ಚ್ 29
ಎರಡು ಬ್ಯಾಗಿನ ಗತ್ತು. ಮೆಟ್ಟಿಲು ಓಡಿ ಹತ್ತುತ್ತೇನೆ.

ಅಜ್ಜಿ ಫೋನ್ ಮಾಡಿದ್ದರು. "ನಿನ್ನೆದೆ ನೋವು ಹೆಂಗೈತೆ ಮಗಾ?"

"ವಾಸಿಯಾಯ್ತು ಅಜ್ಜಿ."

ಮೊದಲ ಬ್ಯಾಗ್ ಬಂದ ಅವತ್ತು ನನ್ನ ಎದೆ ನೋಯುತ್ತಿರಲಿಲ್ಲ. ಹರಿಣಿಗೆ ಗೊತ್ತಿತ್ತು. ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. ಯಾರಿಗೂ ಹೇಳಲಿಲ್ಲ. ನಾನು ಕಣ್ಣು ಮಿಟುಕಿಸಲಿ ಎಂದು ಕಾಯುತ್ತಿದ್ದಳು. ನಾನು—