ಸಿಪಾಯಿ ನುಂಗಿದ ತಾಳಿ

ಹೊಳೆನರಸೀಪುರ
21-8-1957, ಬುಧವಾರ

ಯಜಮಾನರ ಪಾದಗಳಿಗೆ ಮಲ್ಲಿಗಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ಅತ್ತೆಯವರೂ ನಾನೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನೀವೂ ಎರಡು ತಿಂಗಳಿಗೊಂದು ಬರೆಯುವವರೇ, ಸರಿಗೆ ಸರಿ ಹೋಯಿತು ಬಿಡಿ. ಅರಕಲಗೂಡಿನ ಕಚೇರಿಯಲ್ಲಿ ಕೆಲಸ ಎಷ್ಟೇ ಇರಲಿ, ಹೊತ್ತು ಹೊತ್ತಿಗೆ ಊಟ ಮಾಡಿ.

ಬರೆಯಲು ಕೈ ಬಾರದ ಸಂಗತಿ ಒಂದಿದೆ. ನಮ್ಮ ಸಿಪಾಯಿ ಹೋಯಿತು. ನೀವು ಸಂತೆಯಿಂದ ಟವಲಿನಲ್ಲಿ ಸುತ್ತಿ ತಂದಿದ್ದ ನಾಯಿಮರಿ.

ಶುಕ್ರವಾರ ತಾಳಿಯ ದಾರ ಸವೆದಿದೆಯೆಂದು ಅದನ್ನು ತೆಗೆದು, ಕತ್ತಿಗೆ ಅರಿಶಿನದ ಕೊಂಬು ಕಟ್ಟಿಕೊಂಡೆ. ತಾಳಿಯನ್ನು ಹೊಸ ದಾರಕ್ಕೆ ಪೋಣಿಸಿ, ಹಾಲಿನ ಬಟ್ಟಲಲ್ಲಿ ಅದ್ದಿಟ್ಟು, ಕುಂಕುಮ ತರಲು ಒಳಗೆ ಹೋದೆ. ಅಷ್ಟರಲ್ಲಿ ಸಿಪಾಯಿ ಹಾಲನ್ನೂ ಕುಡಿದು ತಾಳಿಯನ್ನೂ ನುಂಗಿತ್ತು. ಬಾಯಿಯ ಪಕ್ಕ ದಾರದ ತುದಿ ಮಾತ್ರ ನೇತಾಡುತ್ತಿತ್ತು. "ಅಯ್ಯೋ ಮುಂಡೇದೇ, ನುಂಗಕೆ ನಿಂಗೆ ಬ್ಯಾರೆ ಏನೂ ಸಿಕ್ನಿಲ್ವಾ?" ಅಂತ ಬೈದೆ. ಬಾಲ ಆಡಿಸಿತು.

ದನದ ಆಸ್ಪತ್ರೆಯ ಹುಚ್ಚಯ್ಯನನ್ನು ಕರೆಸಿದೆ. ಬಾಯಿ ತೆರೆದು ನೋಡಿ, "ದಾರವ ಎಳೀಬ್ಯಾಡಿ ಕಣವ್ವಾ. ಕರುಳ್ಗೆ ಸಿಕ್ಕಾಕ್ಕೊಂಡಿದ್ರೆ ಕುಯ್ದ್ಬುಡ್ತದೆ. ಸೋಮ್ವಾರ ಡಾಕ್ಟ್ರು ಬತ್ತಾರೆ, ಅಲ್ಲೀಗಂಟ ಮುಟ್ಬ್ಯಾಡಿ" ಅಂದ.

ಅತ್ತೆಯವರಿಗೆ ಅನ್ನ ಸೇರಲಿಲ್ಲ. "ತಾಳಿ ನಾಯಿ ಒಟ್ಟೇಲದೆ, ನನ್ ಮಗ ಪರಸ್ಥಳದಾಗವ್ನೆ. ಅವನ್ಗೇನಾರ ಆದ್ರೆ ಏನ್ಮಾಡೀಯೆ?" ಅಂತ ಒಂದೇ ಸಮ. ಅವರನ್ನೇಕೆ ದೂರಲಿ, ಹೆದರಿದ್ದು ನಾನೇ. ಕಣ್ಣು ಮುಚ್ಚಿದರೆ ನೀವು ಬಸ್ಸಿನಿಂದ ಬಿದ್ದ ಹಾಗೆ ಕಾಣುತ್ತಿತ್ತು. ಭಾನುವಾರ ಸಿಪಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರ ಎಳೆದೆ. ತಡೆಯಿತು. ಇನ್ನೂ ಜೋರಾಗಿ ಎಳೆದೆ. ಕಿರುಚಿತು, ಆದರೂ ನನ್ನ ಕೈ ಕಚ್ಚಲಿಲ್ಲ. ತಾಳಿ ಬಂತು, ಹಿಂದೆಯೇ ರಕ್ತವೂ ಬಂತು. ಸೋಮವಾರ ಡಾಕ್ಟರು ಬರುವ ಹೊತ್ತಿಗೆ ಪ್ರಾಣ ಹೋಗಿತ್ತು. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿಸಿದೆ. ನಾನೇ ಕೊಂದೆ. ಬೈಯುವುದಾದರೆ ಬೈಯಿರಿ.

ತಾಳಿಯನ್ನು ತೊಳೆದು, ಬೇರೆ ದಾರಕ್ಕೆ ಹಾಕಿ, ಅತ್ತೆಯವರ ಕೈಲಿ ಕಟ್ಟಿಸಿಕೊಂಡಿದ್ದೇನೆ. ರಾತ್ರಿ ಬಾಗಿಲ ಬಳಿ ಅದರ ಉಸಿರು ಕೇಳಿಸುವುದಿಲ್ಲ, ನಿದ್ದೆ ಬರುವುದಿಲ್ಲ. ಆದರೆ ನಿಮಗೇನೂ ಆಗಲಿಲ್ಲವಲ್ಲ, ನನಗೆ ಅಷ್ಟು ಸಾಕು.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ದೀಪಾವಳಿಗಾದರೂ ಬನ್ನಿ.

ಇತಿ,
ನಿಮ್ಮ ಮಲ್ಲಿಗಮ್ಮ

ವಿ.ಸೂ.: ಕಾಗದ ಮುಗಿಸಿ, ವಿಳಾಸ ಬರೆಸಲು ಎಂದಿನಂತೆ ಪಕ್ಕದ ಮನೆಯ ಪಂಚಾಕ್ಷರಯ್ಯ ಮೇಷ್ಟರನ್ನು ಕರೆದೆ. ಗಂಡನ ಹೆಸರನ್ನು ನಾನು ಬರೆಯಬಾರದಲ್ಲ. ಮೇಷ್ಟರು ಹಿಡಿದ ಪೆನ್ನನ್ನು ಕೆಳಗಿಟ್ಟರು. ಕೇಳಿದ್ದಕ್ಕೆ, "ಎಂಗಮ್ಮಾ ಹೇಳ್ಲಿ? ನೆನ್ನೆ ಅರಕಲಗೂಡ್ಗೆ ಹೋಗಿದ್ದೆ. ಅವ್ರು ಅಲ್ಲಿ ಇನ್ನೊಂದು ಮದ್ವೆ ಆಗಿ ವರ್ಷವಾಯ್ತಂತೆ. ಆ ಹೆಣ್ಮಗಳ ಕತ್ತಲ್ಲಿ ತಾಳಿ ನಾನೇ ನೋಡ್ದೆ" ಅಂದರು. ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಯಾರಿಗೆ ಏನೂ ಆಗಬಾರದೆಂದು ನಾನು ಆ ದಾರ ಎಳೆದೆ, ಹೇಳಿ? ಮೇಷ್ಟರನ್ನು ಮನೆಗೆ ಕಳಿಸಿದೆ. ಲಕೋಟೆಯ ಮೇಲೆ ನಂಜಪ್ಪ ಅಂತ ನಾನೇ ಬರೆದೆ.